ಕಡ್ಡಾಯ

ಭೋಸರಿ ಎಂಐಡಿಸಿ, ಎರಡನೇ ಗೇಟು, ಸ್ಟೋರು.
ಬೋಲ್ಟಿನ ಖಾಲಿ ಪೆಟ್ಟಿಗೆ ಬೋರಲು ಹಾಕಿ
ಅವರ ಬೆನ್ನ ಹಿಂದೆ ಕೂತಿದ್ದೇನೆ ಬೆಳಗಿನಿಂದ.
ಮಾತಾಡಬಾರದು, ತೋರಿಸಿಕೊಡಬಾರದು,
ಬೆರಳು ತಪ್ಪಿದಾಗ ಅಯ್ಯೋ ಅನ್ನಬಾರದು.
ನನ್ನ ಕಸುಬಿನ ಮಡಿ ಇದು.
ಬರೀ ನೋಡಬೇಕು.

ಎಸ್. ತೋಳನೂರೆ. ಇಪ್ಪತ್ತೆರಡು ವರ್ಷದ ಸ್ಟೋರ್‌ಕೀಪರು.
ಜಾಲರಿಯಾಚೆ ಲೇತಿನವ ಕೂಗುತ್ತಾನೆ, ಬೇಗ, ಬೇಗ.
ಇವರು ಕೈಯ ಗ್ರೀಸನ್ನು ಪ್ಯಾಂಟಿಗೊರೆಸಿ,
ಉಳಿದದ್ದನ್ನು ಮೌಸಿಗೊರೆಸಿ,
ನಾನು ಎಸಿ ಕೋಣೆಯಲ್ಲಿ ಕೂತು
ಬಿಳಿಯ ಮೇಲೆ ತೆಳು ಬೂದಿ ಬಣ್ಣದಲ್ಲಿ ಬಿಡಿಸಿದ
ಅಂದದ ಅಕ್ಷರಗಳನ್ನು
ಕಣ್ಣು ಕಿರಿದು ಮಾಡಿ ಹುಡುಕುತ್ತಾರೆ.
ಮೇಲೆ ಟ್ಯೂಬ್‌ಲೈಟು ಮಿಣಮಿಣ.
ಆ ಬೂದಿಗೆ ನನಗೊಂದು ಬಹುಮಾನ ಬಂದಿತ್ತು.

ಹೊಸ ಸಪ್ಲಾಯರು, ಚಿಂಚವಡದ ಗುಜರಿಯವ.
ಫ್ಯಾಕ್ಸ್ ನಂಬರಿನ ಪಕ್ಕ
ಕೆಂಪು ನಕ್ಷತ್ರ: ಕಡ್ಡಾಯ.
ಅವನ ಅಂಗಡಿಗೆ ಬಾಗಿಲೇ ಇಲ್ಲ, ಫ್ಯಾಕ್ಸೆಲ್ಲಿಂದ?
ಖಾಲಿ ಬಿಟ್ಟರು. ಕೆಂಪು ಗೆರೆ ಬೈಯಿತು.
ಹತ್ತು ಸಲ ಒಂದು ಒತ್ತಿದರು.
ಹಸಿರು ಟಿಕ್ಕು, ಶಹಬ್ಬಾಸ್.
ಆಮೇಲೆ ತೆಗೆದು ನೋಡಿದೆ:
ನಾನೂರ ಹನ್ನೆರಡು ಕಂಪನಿಗೆ
ಅದೊಂದೇ ಫ್ಯಾಕ್ಸು.
ಎಲ್ಲಾದರೂ ಆ ಯಂತ್ರ ಇದ್ದದ್ದೇ ಆದರೆ
ಪಾಪ, ಎಷ್ಟು ಕಾಗದ ನುಂಗಬೇಕು.

ಒಂದೊಂದು ಇಶ್ಯೂಗೂ ಪರದೆ ಕೇಳುತ್ತದೆ,
ಖಚಿತವೇ?
ಹೌದು.
ಖಚಿತವೇ?
ಹೌದು.
ಮದುವೆ ಮನೆಯಲ್ಲಿ ಊಟ ಆಯ್ತಾ, ಊಟ ಆಯ್ತಾ ಅನ್ನುತ್ತ
ಉತ್ತರಕ್ಕೆ ನಿಲ್ಲದೆ ಮುಂದೆ ಹೋಗುವ ಬೀಗರಂತೆ.
ಹನ್ನೊಂದೂವರೆಗೆ ನಿಜಕ್ಕೂ ತಪ್ಪಾಯಿತು.
ರೂಢಿಯ ಬೆರಳು ಆಗಲೂ ಹೌದು ಅಂದುಬಿಟ್ಟಿತು.
ಮುನ್ನೂರು ಬೇರಿಂಗು ಬೇರೆ ಲೈನಿನ ಲೆಕ್ಕಕ್ಕೆ.
ಹಿಂದಕ್ಕೆ ಬರುವ ಬಟನ್ನನ್ನು
ನಾವು ಎರಡನೇ ಹಂತಕ್ಕೆ ಇಟ್ಟುಕೊಂಡಿದ್ದೆವು.

ಮಾನಿಟರಿನ ಅಂಚಿಗೆ ಹಳದಿ ಚೀಟಿಗಳು:
ಎಫ್ ನಾಲ್ಕು ಮುಟ್ಟಬೇಡ.
ಮೊದಲು ಸೇವ್, ಆಮೇಲೆ ಚಹಾ.
ನಾನು ಮರೆತದ್ದೆಲ್ಲ ಅಲ್ಲಿ ಅಂಟಿಕೊಂಡಿತ್ತು.

ಮೂರಕ್ಕೆ ಪರದೆಯಲ್ಲಿ ಚಕ್ರ ತಿರುಗತೊಡಗಿತು,
ತಿರುಗುತ್ತಲೇ ಇತ್ತು.
ಅವರೆದ್ದು ಬಿನ್ನಿಗೆ ಕೈ ಹಾಕಿ
ತುಟಿಯೊಳಗೇ ಎಣಿಸತೊಡಗಿದರು.
ಲಾಭ.
ಮರಾಠಿಯವರೂ ಒಂದಕ್ಕೆ ಹಾಗೇ ಅನ್ನುತ್ತಾರೆ, ಬರೆದುಕೊಂಡೆ.
ಎರಡು. ಮೂರು.
ಪೆನ್ನು ನಿಂತಿತು.
ಮುಂಜಾನೆ ಇಬ್ಬರೂ ನಮಸ್ಕಾರ ಹೇಳಿಕೊಂಡದ್ದು ಮರಾಠಿಯಲ್ಲಿ.

ಯಾವೂರ್ರೀ ನಿಮ್ಮದು, ಅಂದುಬಿಟ್ಟೆ. ಮಡಿ ಹೋಯಿತು.
ಅಕ್ಕಲಕೋಟ ಕಡೆ, ತೋಳನೂರ. ನಿಮ್ಮದು?
ಇಂಡಿ.
ಹಂಗಾರ ನಿಮ್ಮನ್ನೇ ಕೇಳ್ತೀನಿ ತಗೋರಿ,
ಇದು ಯಾಕ ಸೊನ್ನಿಯಿಂದ ಸುರು ಮಾಡ್ತದ?
ಮನಿಗಿ ಬರೋ ಮಾಲಿಗೆ ಮೊದಲ ಬಾಯಾಗ
ಸೊನ್ನಿ ಅಂತಾರೇನ್ರಿ ಯಾರರೆ?

ಕಲಿತ ಸೂತ್ರ ಒಂದೂ ನಾಲಗೆಗೆ ಬರಲಿಲ್ಲ.
ಬೇರಿಂಗೊಂದನ್ನು ಎತ್ತಿ ಬೆರಳಲ್ಲಿ ತಿರುಗಿಸಿದೆ.
ಚೆನ್ನಾಗಿ ತಿರುಗುತ್ತಿತ್ತು, ಸದ್ದೇ ಇಲ್ಲದೆ.

ಆಮೇಲೆ ಮಾಡಿದ್ದು ಹೆಚ್ಚೇನಿಲ್ಲ.
ನಕ್ಷತ್ರ ಕಿತ್ತೆ. ಬೂದಿಯನ್ನು ಕಪ್ಪು ಮಾಡಿದೆ.
ಸೊನ್ನೆ ಅಳಿಸಿ ಜಾಗ ಖಾಲಿ ಬಿಟ್ಟೆ.
(ಅಲ್ಲಿ ಲಾಭ ಎಂದು ಬರೆಯುವ ಮಾತಿಗೆ
ಮ್ಯಾನೇಜರು ನಕ್ಕರು, ಅಷ್ಟೆ.)
ಹಿಂದಕ್ಕೆ ಬರಲೊಂದು ಬಟನ್ನು,
ಗ್ರೀಸು ಹತ್ತಿದ ಹೆಬ್ಬೆರಳಿನಗಲ.

ದೀಪಾವಳಿ ಕಳೆದು ಹೋದಾಗ ತೋಳನೂರೆ ರಜೆಯಲ್ಲಿದ್ದರು.
ಚೀಟಿಗಳಿರಲಿಲ್ಲ. ಅವಿದ್ದ ಕಡೆ
ಅಂಟಿನ ಚೌಕಗಳು ಕಬ್ಬಿಣದ ಪುಡಿ ಹಿಡಿದು ಕೂತಿದ್ದವು.
ಒಂದೇ ಒಂದು ಹೊಸದು, ಮರಾಠಿಯಲ್ಲಿ,
ಬದಲಿಗೆ ಬಂದ ಹುಡುಗನಿಗೆ:
ತಪ್ಪಾದರೆ ಗಾಬರಿ ಬೇಡ, ಹಿಂದಕ್ಕೆ ಬರಬಹುದು.
ಕೆಳಗೆ ತಮ್ಮ ಫೋನ್ ನಂಬರು,
ಹತ್ತಂಕಿಯೂ ಬೇರೆ ಬೇರೆ,
ಯಾರೂ ಕಡ್ಡಾಯ ಅನ್ನದೆ ಬರೆದದ್ದು.